ಲೆಕ್ಕದವರು ರಜೆಗೆ ಹೋದಾಗ

ಜಪಾನಿನ ಸಣ್ಣ ಕಂಪೆನಿಗಳಲ್ಲಿ ‘ಹಿತೋರಿ ಕೇಯಿರಿ’ ಅಂತ ಒಂದು ಮಾತಿದೆ. ಇಡೀ ಕಚೇರಿಯ ಲೆಕ್ಕಪತ್ರಕ್ಕೆಲ್ಲ ಒಬ್ಬರೇ ಒಬ್ಬರು ಎಂದರ್ಥ. ಸಂಬಳ ಮಾಡುವುದು, ತೆರಿಗೆ ಹಿಡಿಯುವುದು, ಪಿಂಚಣಿ ಕಟ್ಟುವುದು, ಬ್ಯಾಂಕಿನ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದು, ಎಲ್ಲವೂ ಒಂದೇ ತಲೆಯಲ್ಲಿ. ಆ ತಲೆ ಹದಿನೈದು ದಿನ ಊರಿಗೆ ಹೋದರೆ ಏನಾಗುತ್ತದೆ? ಸಂಪಾದಕೀಯಕ್ಕೆ ಇಷ್ಟು ಒಣ ವಿಷಯ ಯಾಕೆ ಎಂದು ಕೇಳುವವರಿಗೆ ಕಾರಣ ಹೇಳುತ್ತೇನೆ.

ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಕೊಲ್ಲಿಯ ಲೆಕ್ಕ. ದುಬೈಯಲ್ಲಿ ಸಂಬಳ ಖಾತೆಗೆ ಬಿತ್ತೋ ಇಲ್ಲವೋ ಎಂದು ಸರಕಾರವೇ ನೋಡುವ ವ್ಯವಸ್ಥೆ 2009ರಲ್ಲಿ ಬಂತು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಕೊನೆಯ ಮೂಲ ವೇತನ ಮತ್ತು ದುಡಿದ ವರ್ಷಗಳ ಮೇಲೆ ನಿಂತಿದೆ. ಮಧ್ಯೆ ಒಂದು ತಿಂಗಳ ಕಾಗದ ಹೆಚ್ಚುಕಡಿಮೆಯಾದರೂ ದೊಡ್ಡ ನಷ್ಟವಿಲ್ಲ. ಜಪಾನ್ ಹಾಗಲ್ಲ. ಇಲ್ಲಿ ‘ಕೋಸೇ ನೆನ್‌ಕಿನ್’ ಎಂಬ ನೌಕರರ ಪಿಂಚಣಿಗೆ ಪ್ರತಿ ತಿಂಗಳೂ ಹಣ ಹೋಗುತ್ತದೆ. 2017ರ ಸೆಪ್ಟೆಂಬರ್‌ನಿಂದ ಅದರ ದರ 18.3 ಶೇಕಡಾ, ಅರ್ಧ ನಮ್ಮದು, ಅರ್ಧ ಕಂಪೆನಿಯದು. ಎರಡೂವರೆ ಲಕ್ಷ ಯೆನ್ ಸಂಬಳದವನನ್ನು 2,60,000ದ ದರ್ಜೆಯಲ್ಲಿ ಇಡುತ್ತಾರೆ. ಅವನ ಸಂಬಳದಿಂದ 23,790 ಯೆನ್ ಮುರಿಯುತ್ತದೆ, ಕಂಪೆನಿ ಅಷ್ಟೇ ಸೇರಿಸಿ ಮುಂದಿನ ತಿಂಗಳ ಕೊನೆಯೊಳಗೆ ಕಟ್ಟಬೇಕು. ಲೆಕ್ಕ ನಡೆಯುವುದು ತಿಂಗಳುಗಳಲ್ಲಿ. ಆರು ತಿಂಗಳು ಕಟ್ಟಿದವನು ದೇಶ ಬಿಟ್ಟ ಮೇಲೆ, ಎರಡು ವರ್ಷದೊಳಗೆ ಅರ್ಜಿ ಹಾಕಿ ಒಂದಷ್ಟು ಹಣ ವಾಪಸ್ ಪಡೆಯಬಹುದು. ಆರು ತಿಂಗಳು ದುಡಿದು ದಾಖಲೆಯಲ್ಲಿ ಐದೇ ಇದ್ದರೆ ಕೈಗೆ ಸೊನ್ನೆ.

ಲೆಕ್ಕದವರು ರಜೆಯಲ್ಲಿದ್ದಾಗ ಸಾಮಾನ್ಯವಾಗಿ ತಪ್ಪುವುದು ಹಣ ಕಟ್ಟುವುದಲ್ಲ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಪಿಂಚಣಿಯ ಹಣ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹೋಗುವಂತೆ ಮಾಡಿಟ್ಟರೆ ಮುಗಿಯಿತು. ತಪ್ಪುವುದು ಬದಲಾವಣೆಗಳು. ಹೊಸಬ ಸೇರಿದರೆ ಐದು ದಿನದೊಳಗೆ ನೆನ್‌ಕಿನ್ ಕಚೇರಿಗೆ ತಿಳಿಸಬೇಕು, ಬಿಟ್ಟರೂ ಐದು ದಿನ, ಬೋನಸ್ ಕೊಟ್ಟರೂ ಐದು ದಿನ. ಇದನ್ನು ಬ್ಯಾಂಕ್ ಮಾಡುವುದಿಲ್ಲ. ಇನ್ನು ಸಂಬಳದ ವಿಷಯ. ಲೆಕ್ಕದವರಿಲ್ಲ, ಹೋದ ತಿಂಗಳಿನಷ್ಟೇ ಹಾಕಿಬಿಡಿ, ಆಮೇಲೆ ನೋಡುವಾ ಎನ್ನುವ ಧಣಿಗಳಿದ್ದಾರೆ. ಆ ತಿಂಗಳು ಓವರ್‌ಟೈಮ್ ಜಾಸ್ತಿ ಇದ್ದರೆ ಅದು ಪೂರ್ತಿ ಸಂಬಳವಲ್ಲ. 1947ರ ಕಾರ್ಮಿಕ ಕಾನೂನಿನ 24ನೇ ಕಲಮು ಸಂಬಳ ಪೂರ್ತಿಯಾಗಿ, ನೇರವಾಗಿ, ತಿಂಗಳಿಗೆ ಒಮ್ಮೆಯಾದರೂ, ಗೊತ್ತುಪಡಿಸಿದ ತಾರೀಕಿಗೆ ಕೊಡಬೇಕೆನ್ನುತ್ತದೆ. ಲೆಕ್ಕದವರ ರಜೆಗೆ ಅಲ್ಲಿ ವಿನಾಯಿತಿ ಇಲ್ಲ. ದುಡಿದವನ ಕೂಲಿ ತಡಮಾಡಬಾರದು ಎಂಬುದು ನಮ್ಮ ದೀನಿನಲ್ಲೂ ಇರುವ ಮಾತೇ.

ದಾಖಲೆ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಜಪಾನ್ ತಾನೇ ಅನುಭವಿಸಿದೆ. ಯಾರಿಗೆ ಸೇರಿದ್ದೆಂದು ತಿಳಿಯದ ಸುಮಾರು ಐದು ಕೋಟಿ ಪಿಂಚಣಿ ದಾಖಲೆಗಳಿವೆ ಎಂಬುದು 2007ರಲ್ಲಿ ಬಯಲಾಗಿ ದೇಶವೇ ಗದ್ದಲವೆದ್ದಿತು. ಹಳೆಯ ಸಾಮಾಜಿಕ ವಿಮಾ ಇಲಾಖೆಯನ್ನೇ ಮುಚ್ಚಿ, 2010ರ ಜನವರಿಯಲ್ಲಿ ಈಗಿನ ಪಿಂಚಣಿ ಸಂಸ್ಥೆಯನ್ನು ಕಟ್ಟಿದರು. ಆ ಗದ್ದಲದಿಂದ ಒಂದು ಒಳ್ಳೆಯದೂ ಆಯಿತು. ಕಟ್ಟದೆ ಬಿಟ್ಟ ಹಣಕ್ಕೆ ಎರಡು ವರ್ಷದ ಕಾಲಮಿತಿ ಇದೆ, ಅದು ದಾಟಿದರೆ ಸರಿಪಡಿಸುವುದು ಕಷ್ಟ. ಆದರೆ ಸಂಬಳದಿಂದ ಮುರಿದದ್ದು ಚೀಟಿಯಲ್ಲಿ ಕಂಡರೆ, ಕಂಪೆನಿ ಕಟ್ಟದಿದ್ದರೂ ದಾಖಲೆ ತಿದ್ದಿಸುವ ದಾರಿಯನ್ನು ಅದೇ ವರ್ಷದ ವಿಶೇಷ ಕಾನೂನು ತೆರೆಯಿತು.

ಹಾಗಾದರೆ ಲೆಕ್ಕದವರು ರಜೆ ಹಾಕಬಾರದೇ? ಖಂಡಿತ ಹಾಕಬೇಕು. 2019ರ ಏಪ್ರಿಲ್‌ನಿಂದ, ಹತ್ತು ದಿನ ಅಥವಾ ಹೆಚ್ಚು ರಜೆ ಇರುವ ನೌಕರನಿಗೆ ವರ್ಷಕ್ಕೆ ಐದು ದಿನವಾದರೂ ಕೊಡಿಸುವುದು ಕಂಪೆನಿಯ ಹೊಣೆ. ಕೆಲಸಕ್ಕೆ ನಿಜವಾಗಿ ಅಡ್ಡಿಯಾದರೆ ದಿನ ಬದಲಿಸಲು ಹೇಳಬಹುದು, ರಜೆಯೇ ಇಲ್ಲ ಅನ್ನುವಂತಿಲ್ಲ. ನಮ್ಮವರಿಗೆ ತೊಡಕಾಗುವುದು ಹಜ್ಜ್‌ನ ಸಮಯ. 2024ರಲ್ಲಿ ಹಜ್ಜ್ ಜೂನ್ ಮಧ್ಯಕ್ಕೆ ಬಂತು, 2025ರಲ್ಲಿ ಜೂನ್ ಮೊದಲ ವಾರ. ಜಪಾನಿನಲ್ಲಿ ಸಂಬಳ ಮಾಡುವವರಿಗೆ ಅತ್ಯಂತ ಗಡಿಬಿಡಿಯ ಕಾಲವೂ ಅದೇ: ಜೂನ್‌ನಿಂದ ಹೊಸ ನಿವಾಸಿ ತೆರಿಗೆ, ಜುಲೈ 10ರೊಳಗೆ ಕಾರ್ಮಿಕ ವಿಮೆಯ ವಾರ್ಷಿಕ ಲೆಕ್ಕ, ಅದೇ ದಿನದೊಳಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಸಂಬಳದ ವರದಿ. ಸೆಪ್ಟೆಂಬರ್‌ನಿಂದ ಎಲ್ಲರ ಪಿಂಚಣಿ ದರ್ಜೆ ನಿಲ್ಲುವುದು ಈ ಕೊನೆಯ ಕಾಗದದ ಮೇಲೆ. ಆದ್ದರಿಂದ ಹಜ್ಜ್‌ಗೆ ಹೊರಟ ಲೆಕ್ಕದವನನ್ನು ದೂರುವುದರಲ್ಲಿ ಅರ್ಥವಿಲ್ಲ. ಅವನೊಬ್ಬನಿಗೇ ಎಲ್ಲ ಬಿಟ್ಟ ಧಣಿಯನ್ನು ಕೇಳಬೇಕು.

ನಮ್ಮ ಕಡೆಯವರು ಇಲ್ಲಿ ಹೋಟೆಲೋ ಹಳೆ ಕಾರಿನ ವ್ಯಾಪಾರವೋ ನಡೆಸುವುದಿದ್ದರೆ ಅವರಿಗೆ ಒಂದು ವಿನಂತಿ. ತಾರೀಕುಗಳನ್ನು ಗೋಡೆಗೆ ಬರೆದು ಹಾಕಿ: ಹಿಡಿದ ತೆರಿಗೆಗೆ ಮುಂದಿನ ತಿಂಗಳ 10, ಪಿಂಚಣಿಗೆ ತಿಂಗಳ ಕೊನೆ. ವರ್ಷದಲ್ಲಿ ಎರಡು ತಿಂಗಳ ಸಂಬಳವನ್ನಾದರೂ ಇನ್ನೊಬ್ಬರ ಕೈಯಲ್ಲಿ ಮಾಡಿಸಿ, ಲೆಕ್ಕದವರು ಪಕ್ಕದಲ್ಲೇ ಕುಳಿತಿರುವಾಗ. ಅಷ್ಟು ಜನ ಇಲ್ಲದಿದ್ದರೆ ‘ಶಾರೋಶಿ’ ಎಂಬ ಪರವಾನಗಿ ಇರುವ ಕಾರ್ಮಿಕ ವಿಮಾ ತಜ್ಞರಿದ್ದಾರೆ, ಅವರಿಗೆ ಒಪ್ಪಿಸಿ. ದುಡ್ಡು ಖರ್ಚಾಗುತ್ತದೆ, ಹೌದು. ಬ್ಯಾಂಕಿನ ಕೀಲಿಯನ್ನು ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ. ಮಂಜೂರು ಮಾಡುವ ಎರಡನೇ ಹೆಸರನ್ನು ಮೊದಲೇ ಬ್ಯಾಂಕಿನಲ್ಲಿ ಹಾಕಿಸಿ.

ದುಡಿಯುವ ಸಹೋದರರು ಸಂಬಳದ ಚೀಟಿ ಒಂದನ್ನೂ ಬಿಸಾಡಬೇಡಿ. ಫೋನಿನಲ್ಲಿ ಫೋಟೋ ತೆಗೆದಿಡಿ, ಕಾಗದವನ್ನೂ ಇಡಿ. ವಾಪಸ್ ಹಣ ಪಡೆದರೆ ಆ ತಿಂಗಳುಗಳು ಅಳಿಸಿಹೋಗುತ್ತವೆ ಎಂಬುದೂ ನೆನಪಿರಲಿ. 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ–ಜಪಾನ್ ಒಪ್ಪಂದದ ಪ್ರಕಾರ ಎರಡೂ ದೇಶಗಳ ಅವಧಿಯನ್ನು ಕೂಡಿಸಿ, ಪಿಂಚಣಿಗೆ ಬೇಕಾದ ಹತ್ತು ವರ್ಷ ತುಂಬಿಸಬಹುದು. ಹುಟ್ಟಿದ ತಿಂಗಳಲ್ಲಿ ವರ್ಷಕ್ಕೊಮ್ಮೆ ಪಿಂಚಣಿ ಸಂಸ್ಥೆಯಿಂದ ಒಂದು ಪೋಸ್ಟ್‌ಕಾರ್ಡ್ ಬರುತ್ತದೆ. ಅದರಲ್ಲಿರುವ ತಿಂಗಳುಗಳನ್ನು ಚೀಟಿಯೊಂದಿಗೆ ತಾಳೆ ನೋಡಿ. ಕಡಿಮೆ ಕಂಡರೆ ಚೀಟಿಗಳ ಸಮೇತ ಹತ್ತಿರದ ನೆನ್‌ಕಿನ್ ಕಚೇರಿಗೆ ಹೋಗಿ. ಜಪಾನಿ ಬಾರದಿದ್ದರೆ ನಮ್ಮ ಕೂಟಕ್ಕೆ ಹೇಳಿ, ಒಬ್ಬರು ಜೊತೆಗೆ ಬರುತ್ತಾರೆ.