ರೈತ ದಡ್ಡನಲ್ಲ, ನೀವಾಡುವ ಭಾಷೆ ಅವನದಲ್ಲ!



ಬೆಂಗಳೂರಿನ ತಣ್ಣನೆಯ ಸಭಾಂಗಣಗಳಲ್ಲಿ ಒಂದು ಹಳೇ ರಾಗ ಮತ್ತೆ ಮತ್ತೆ ಕೇಳಿಬರುತ್ತದೆ. ‘ಸಣ್ಣ ರೈತ ಹೊಸ ಪದ್ಧತಿಗೆ ಬರುವುದಿಲ್ಲ, ಅವನಿಗೆ ತಿಳಿವಳಿಕೆ ಸಾಲದು’ ಎಂಬುದೇ ಆ ರಾಗ. ಇದನ್ನು ಇಂಗ್ಲಿಷಿನಲ್ಲಿ ಹೇಳಿ, ಇಂಗ್ಲಿಷಿನಲ್ಲೇ ಮೆಚ್ಚಿಕೊಂಡು, ಊಟ ಮುಗಿಸಿ ಎದ್ದು ಹೋಗುತ್ತಾರೆ. ತಿಳಿವಳಿಕೆ ಸಾಲದ್ದು ಯಾರಿಗೆ ಸ್ವಾಮಿ?

ಹಾವೇರಿ ಕಡೆಯ ‘ಗುಳಿ ರಾಗಿ’ಯನ್ನೇ ನೋಡಿ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸಾಲು ಎಳೆದು, ಸಾಲು ಕೂಡುವ ಗುಳಿಯಲ್ಲಿ ಗೊಬ್ಬರ ಹಾಕಿ, ಎಳೆಯ ಪೈರು ನಾಟಿ ಮಾಡುತ್ತಾರೆ. ಆಮೇಲೆ ಎತ್ತು ಕಟ್ಟಿ ಪೈರಿನ ಮೇಲೆ ಕೊರಡು ಹೊಡೆಯುತ್ತಾರೆ. ಪೈರು ಬಾಗುತ್ತದೆ, ಬುಡದಲ್ಲಿ ತೆಂಡೆ ಹೆಚ್ಚುತ್ತದೆ. ಇದನ್ನು ಕಂಡುಹಿಡಿದದ್ದು ಯಾವ ಕಂಪನಿಯೂ ಅಲ್ಲ, ರೈತರೇ. ಇಂಥದ್ದು ಪಕ್ಕದ ಹೊಲಕ್ಕೆ ಹಬ್ಬುವುದು ಹೇಗೆ? ನೆರೆಯವನು ಬದುವಿನ ಮೇಲೆ ನಿಂತು ಕಣ್ಣಾರೆ ನೋಡುತ್ತಾನೆ. ಕೇಳಿದ್ದಕ್ಕೆ ತನ್ನ ಮಾತಿನಲ್ಲೇ ಉತ್ತರ ಸಿಗುತ್ತದೆ. ಎತ್ತು, ಕೊರಡು ಮನೆಯಲ್ಲೇ ಇವೆ, ಸಾಲ ಮಾಡಬೇಕಿಲ್ಲ.

ಮಂಡ್ಯದ ವಿ.ಸಿ. ಫಾರಂನ ‘ರಾಗಿ ಲಕ್ಷ್ಮಣಯ್ಯ’ನವರನ್ನು ನೆನೆಯಿರಿ. ಅವರು ಕೊಟ್ಟ ತಳಿಗಳ ಹೆಸರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಅಜ್ಜಿಯ ಬಾಯಲ್ಲೂ ಸಲೀಸಾಗಿ ಹೊರಳುವ ಹೆಸರುಗಳು! ಮುಂದೆ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಹೆಸರು ಹೊಸದಾದರೂ ರೈತ ಒಪ್ಪಿದ. ಏಕೆಂದರೆ ಹೊಲದಲ್ಲಿ ತೆನೆಯೇ ಮಾತಾಡಿತು. ಸಣ್ಣ ರೈತ ಕಾಳನ್ನಷ್ಟೇ ನೋಡುವುದಿಲ್ಲ. ದನಕ್ಕೆ ಹುಲ್ಲು ಎಷ್ಟು, ಮುದ್ದೆ ಹೇಗೆ ಎಂದೂ ನೋಡುತ್ತಾನೆ.

ನಮ್ಮ ರಾಜ್ಯದ ಹಿಡುವಳಿಗಳಲ್ಲಿ ನೂರಕ್ಕೆ ಸುಮಾರು 80 ಐದು ಎಕರೆಯೊಳಗಿನವು. ಐವತ್ತು ಎಕರೆಯವನು ಒಂದೆಕರೆಯಲ್ಲಿ ಪ್ರಯೋಗ ಮಾಡಿ ಸೋತರೆ ನಗುತ್ತಾನೆ. ಎರಡು ಎಕರೆಯವನು ಸೋತರೆ ಆ ವರ್ಷ ಕಣಜವೇ ಖಾಲಿ. ಅವನು ಹಿಂದೆಮುಂದೆ ನೋಡುವುದು ದಡ್ಡತನದಿಂದಲ್ಲ, ಲೆಕ್ಕ ಗೊತ್ತಿರುವುದರಿಂದ. ನೀರು, ಬೆಲೆ, ಸಾಲ ಇವೆಲ್ಲ ಆ ಲೆಕ್ಕದಲ್ಲಿವೆ. ಆದರೆ ಲೆಕ್ಕ ಹಾಕಲು ಮೊದಲು ವಿಷಯ ತಿಳಿಯಬೇಕಲ್ಲ? ಅಲ್ಲಿಯೇ ಕನ್ನಡಕ್ಕೆ ದ್ರೋಹವಾಗುತ್ತಿರುವುದು.

ಅಂಗಡಿಯಿಂದ ‘ಎಣ್ಣೆ’ ತರುತ್ತಾನೆ ರೈತ. 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲು, ಒಳಗಿನ ಚೀಟಿ ಎರಡೂ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು. ನಮ್ಮೂರಲ್ಲಿ ನಾನು ನೋಡಿದ ಡಬ್ಬಿಯ ಚೀಟಿಯಲ್ಲಿ ಕನ್ನಡ ಇತ್ತು, ಇರುವೆಗಿಂತ ಸಣ್ಣ ಅಕ್ಷರದಲ್ಲಿ! ಓದಿದರೂ ಅರ್ಥವಾಗದ ಅನುವಾದ ಬೇರೆ. ಕೆಂಪು ತ್ರಿಕೋನ ಅತಿ ಘೋರ ವಿಷದ ಗುರುತು, ಹಸಿರು ಕಡಿಮೆ ವಿಷದ್ದು ಎಂಬುದು ಎಷ್ಟು ಮನೆಗಳಿಗೆ ಗೊತ್ತು? ಕೊನೆಗೆ ಅಂಗಡಿಯವನು ಹೇಳಿದ್ದೇ ವೇದ. ಅವನಿಗೆ ಬೇಕಾದದ್ದು ವ್ಯಾಪಾರ.

ಬೇರೆ ದಾರಿ ಇಲ್ಲವೇ? ಇದೆ. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ದುಡಿದವನೇ ಕನ್ನಡದಲ್ಲಿ ಬರೆದ, ಇನ್ನೊಬ್ಬ ಓದಿ ನಂಬಿದ. ಸಭಾಂಗಣದವರು ಕಲಿಯಬೇಕಾದ ಪಾಠ ಇದು.

ನಗರದ ಯುವಕ ಯುವತಿಯರೇ, ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡಕ್ಕಾಗಿ ನಾವು ಬೀದಿಗಿಳಿದೆವು. 2024ರಲ್ಲಿ ಅದು ಕಾನೂನಾಯಿತು. ಸಂತೋಷ. ಆದರೆ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಮಾನ ಹೋಗುತ್ತದೆ, ವಿಷದ ಡಬ್ಬಿಯಲ್ಲಿ ಕನ್ನಡ ಇಲ್ಲದಿದ್ದರೆ ಪ್ರಾಣವೇ ಹೋಗುತ್ತದೆ!

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿನ ಡಬ್ಬಿ, ಬೀಜದ ಪ್ಯಾಕೆಟ್ಟು ಇಳಿಸಿ ನೋಡಿ. ಅಪ್ಪನಿಗೆ, ಚಿಕ್ಕಪ್ಪನಿಗೆ ಓದಿ ಹೇಳಿ. ಓದಲು ಬಾರದಂತಿದ್ದರೆ ಫೋಟೋ ತೆಗೆದು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕನ್ನಡದಲ್ಲೇ ದೂರು ಬರೆದು ಕೊಡಿ. ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಕನ್ನಡದ ಹೋರಾಟ ಮೆಜೆಸ್ಟಿಕ್ಕಿನಲ್ಲೇ ಮುಗಿಯಬಾರದು, ಹೊಲದ ಬದುವಿನ ತನಕ ಹೋಗಬೇಕು.