ಬದನೆಕಾಯಿಗೆ ಚೌಕಾಸಿ, ಕಾರಿಗೆ ಕೈಮುಗಿತ

ಸಂತೆಯಲ್ಲಿ ಬದನೆಕಾಯಿ ಕೆಜಿಗೆ ನಲವತ್ತು ಅಂದ್ರೆ ನಮ್ಮ ಅವ್ವಂದಿರು ಇಪ್ಪತ್ತೈದರಿಂದ ಶುರು ಮಾಡ್ತಾರೆ. ದನದ ಜಾತ್ರೆಯಲ್ಲಿ ನಮ್ಮ ಅಪ್ಪಂದಿರು ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಮುಖದಲ್ಲಿ ಒಂದು ಗೆರೆಯೂ ಅಲುಗಾಡದಂತೆ ಎತ್ತಿನ ಜೋಡಿಗೆ ಹತ್ತು ಸಾವಿರ ಇಳಿಸಿಬಿಡ್ತಾರೆ. ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಒಪ್ಪಿಗೆ ಆಗದಿದ್ರೆ ಟವೆಲ್ ಹೆಗಲಿಗೆ ಹಾಕ್ಕೊಂಡು ಎದ್ದು ಬರ್ತಾರೆ.

ಅದೇ ಅಪ್ಪ ಒಂಬತ್ತು ಲಕ್ಷದ ಕಾರು ಕೊಳ್ಳೋಕೆ ಜಿಲ್ಲಾ ಕೇಂದ್ರದ ಶೋರೂಂಗೆ ಹೋದ್ರೆ ಏನಾಗುತ್ತೆ? ಬಾಗಿಲಲ್ಲೇ ಚಪ್ಪಲಿ ಬಿಡ್ತಾರೆ. ಎಸಿ ಗಾಳಿ, ಗಾಜಿನ ಗೋಡೆ, ಟೈ ಕಟ್ಟಿದ ಹುಡುಗ, ಕಪ್ಪಿನಲ್ಲಿ ಕಾಫಿ. ಕೈಗೆ ಇಂಗ್ಲಿಷಿನ ಒಂದು ಹಾಳೆ ಬರುತ್ತೆ. ಕೊನೆಯ ಸಾಲಿನ ಅಂಕಿ ನೋಡಿ ತಲೆ ಆಡಿಸ್ತಾರೆ. "ಸ್ವಲ್ಪ ನೋಡ್ಕೊಳ್ಳಿ ಸಾರ್" ಅಂತ ಮಗನ ವಯಸ್ಸಿನವನಿಗೆ ಕೈ ಮುಗೀತಾರೆ. ಇದು ನಮಗೆ ಸಿಟ್ಟು ತರಿಸಿದೆ. ಅದಕ್ಕೇ ಬರೀತಿದ್ದೀವಿ.

ಕಳೆದ ದೀಪಾವಳಿಗೆ ಮುಂಚೆ ನಮ್ಮ ತಂಡದ ಗೆಳೆಯನೊಬ್ಬನ ಮನೆಯಲ್ಲಿ ಕಾರಿನ ಮಾತು ಶುರುವಾಯ್ತು. ಅಡಿಕೆ ದುಡ್ಡು ಬಂದಿತ್ತು. ತಾಯಿಗೆ ತಿಂಗಳಿಗೆ ಎರಡು ಸಲ ಆಸ್ಪತ್ರೆ, ಬಸ್ಸು ಊರಿಗೆ ದಿನಕ್ಕೆ ಎರಡೇ. ಐದು ಜನ ಕೂರಬೇಕು, ಹಿಂದೆ ಡಿಕ್ಕಿ ಬೇಕು, ಮೂಟೆ ಇಡಬೇಕು. ಹಾಗಾಗಿ ಸಣ್ಣ ಸೆಡಾನ್. ತಂದೆ ಒಬ್ಬರೇ ಹೋಗಿ ಕೊಟೇಶನ್ ತಂದಿದ್ರು, "25,000 ಡಿಸ್ಕೌಂಟ್ ಕೊಟ್ರು, ಒಳ್ಳೆ ಜನ" ಅಂದ್ರು. ಹಾಳೆಯನ್ನ ನಾವು ಊಟದ ಮನೆಯಲ್ಲಿ ಹರವಿಕೊಂಡು ಕೂತ್ವಿ.

ಎಕ್ಸ್ ಶೋರೂಂ 7,50,000. ರಸ್ತೆ ತೆರಿಗೆ 1,16,550. ಇನ್ಶೂರೆನ್ಸ್ 46,000. ಎಸೆನ್ಷಿಯಲ್ ಕಿಟ್ 18,500. ಹ್ಯಾಂಡ್ಲಿಂಗ್ ಚಾರ್ಜ್ 9,500. ಎಕ್ಸ್‌ಟೆಂಡೆಡ್ ವಾರಂಟಿ 14,000. ಪೇಂಟ್ ಕೋಟಿಂಗ್ 12,000. ಫಾಸ್ಟ್ಯಾಗ್ 600. ಒಟ್ಟು 9,67,150. ಅದರಲ್ಲಿ 25,000 ಕಳೆದು 9,42,150.

ಈ ಎಂಟು ಸಾಲಿನಲ್ಲಿ ಚೌಕಾಸಿ ಮಾಡೋಕೆ ಆಗದ ಸಾಲು ನಿಜವಾಗಿ ಒಂದೇ, ರಸ್ತೆ ತೆರಿಗೆ. ನಮ್ಮ ರಾಜ್ಯದಲ್ಲಿ ಕಾರಿಗೆ ಐದು ಲಕ್ಷದವರೆಗೆ ಶೇ 13, ಹತ್ತು ಲಕ್ಷದವರೆಗೆ ಶೇ 14, ಇಪ್ಪತ್ತು ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಶೇ 11 ಸೆಸ್. ಲೆಕ್ಕ ಹಾಕಿ ನೋಡಿ: ಏಳೂವರೆ ಲಕ್ಷಕ್ಕೆ ಶೇ 14 ಅಂದ್ರೆ 1,05,000, ಅದರ ಮೇಲೆ ಸೆಸ್ 11,550. ಸರಿಯಾಗಿಯೇ ಇದೆ. ದೇಶದಲ್ಲೇ ಹೆಚ್ಚು ತೆರಿಗೆ ಹಾಕೋ ರಾಜ್ಯಗಳಲ್ಲಿ ನಮ್ಮದೂ ಒಂದು. ಆ ಜಗಳ ಬೇರೆ, ಇನ್ನೊಂದು ದಿನ ಆಡೋಣ.

ಉಳಿದ ಸಾಲುಗಳು? ಅಲ್ಲೇ ಇರೋದು ವ್ಯಾಪಾರ.

ಮೊದಲು ಹ್ಯಾಂಡ್ಲಿಂಗ್ ಚಾರ್ಜ್. ಕಂಪನಿಯ ಗೋದಾಮಿನಿಂದ ಶೋರೂಂಗೆ ಕಾರು ತಂದ ಖರ್ಚು, ತೊಳೆದ ಖರ್ಚು ಅಂತಾರೆ. ಇದು ಸರ್ಕಾರದ ತೆರಿಗೆಯೂ ಅಲ್ಲ, ಫೀಸೂ ಅಲ್ಲ. ಮಾರಾಟಗಾರ ತನ್ನ ಮಾಲನ್ನ ತನ್ನ ಅಂಗಡಿಗೆ ತಂದಿದ್ದಕ್ಕೆ ನಮ್ಮ ಹತ್ತಿರ ಬೇರೆ ಕೂಲಿ ಕೇಳೋದು ಯಾವ ನ್ಯಾಯ? ಕಿರಾಣಿ ಅಂಗಡಿಯವನು ಸಕ್ಕರೆ ಮೂಟೆ ಇಳಿಸಿದ ಹಮಾಲಿ ಅಂತ ನಮ್ಮ ಒಂದು ಕೆಜಿಗೆ ಎರಡು ರೂಪಾಯಿ ಬಿಲ್ಲಿನಲ್ಲಿ ಬರೆದ್ರೆ ನಾವು ಸುಮ್ನೆ ಇರ್ತೀವಾ?

ಎಸೆನ್ಷಿಯಲ್ ಕಿಟ್ ಅಂದ್ರೆ ಮ್ಯಾಟು, ಮಡ್ ಫ್ಲಾಪು, ಸೀಟ್ ಕವರು, ಸುವಾಸನೆಯ ಡಬ್ಬಿ, ಒಂದು ಪುಟ್ಟ ಗಣಪತಿ. ಹೆಸರು 'ಎಸೆನ್ಷಿಯಲ್', ಅಂದ್ರೆ ಇಲ್ಲದಿದ್ರೆ ಕಾರು ಓಡಲ್ಲ ಅನ್ನೋ ಹಾಗೆ. ಅದೇ ಬೀದಿಯ ಆಕ್ಸೆಸರೀಸ್ ಅಂಗಡಿಯಲ್ಲಿ ವಿಚಾರಿಸಿದ್ವಿ. ಗಣಪತಿ ಸಮೇತ ಅರ್ಧಕ್ಕಿಂತ ಕಡಿಮೆ.

ಇನ್ನು "ಇದು ಪ್ಯಾಕೇಜ್ ಸಾರ್, ಕಿಟ್ ತಗೊಳ್ಳದೆ ಗಾಡಿ ಕೊಡೋಕಾಗಲ್ಲ" ಅನ್ನೋ ಮಾತು. ಒಂದು ವಸ್ತು ಕೊಳ್ಳಬೇಕಾದ್ರೆ ಇನ್ನೊಂದನ್ನೂ ಕೊಳ್ಳಲೇಬೇಕು ಅಂತ ಷರತ್ತು ಹಾಕೋದನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಅಂತ ಕರೀತದೆ. ಯೂರಿಯಾ ಕೇಳಿದ್ರೆ ಜೊತೆಗೆ ಇನ್ಯಾವುದೋ ಬಾಟಲಿ ಕಟ್ಟೋ ಗೊಬ್ಬರದ ಅಂಗಡಿ ನಮಗೆಲ್ಲ ಗೊತ್ತು. ಇದು ಅದರ ದೊಡ್ಡಣ್ಣ, ಎಸಿ ಹಾಕ್ಕೊಂಡು ಕೂತಿದ್ದಾನೆ ಅಷ್ಟೇ.

ಇನ್ಶೂರೆನ್ಸ್ ಸಾಲಿಗೆ ಬನ್ನಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ. ಅದರ ದರ ಸರ್ಕಾರ ಗೊತ್ತು ಮಾಡಿದ್ದು. 2022ರ ಆದೇಶದಲ್ಲಿ 1000ದಿಂದ 1500 ಸಿಸಿ ನಡುವಿನ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಯಾವ ಕಂಪನಿಗೆ ಹೋದ್ರೂ ಅಷ್ಟೇ. ವ್ಯತ್ಯಾಸ ಇರೋದು ನಮ್ಮ ಕಾರಿನ ಡ್ಯಾಮೇಜಿನ ಪಾಲಿಸಿಯಲ್ಲಿ, ಜೀರೋ ಡೆಪ್ ಮುಂತಾದ ಆಡ್ ಆನ್‌ಗಳಲ್ಲಿ. ಪಾಲಿಸಿಯನ್ನ ಶೋರೂಂನಲ್ಲೇ ತಗೋಬೇಕು ಅಂತ ಯಾವ ನಿಯಮವೂ ಇಲ್ಲ. ನಾವು ಮೊಬೈಲಿನಲ್ಲೇ ಅದೇ ಕಾರಿಗೆ, ಅವೇ ಆಡ್ ಆನ್‌ಗಳಿಗೆ ಕೇಳಿದಾಗ 31,000 ಚಿಲ್ಲರೆ ಬಂತು. 46,000 ಎಲ್ಲಿ, 31,000 ಎಲ್ಲಿ! ನಡುವಿನ ಹದಿನೈದು ಸಾವಿರ ಅಂದ್ರೆ ನಮ್ಮ ಕಡೆ ಹೆಣ್ಣಾಳಿಗೆ ಒಂದು ತಿಂಗಳಿಗೂ ಮೇಲಿನ ಕೂಲಿ.

ಇಲ್ಲೊಂದು ವಿಷಯ ಹೇಳಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಇಳಿದು ಶೇ 18 ಆಗಿದೆ. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದ್ರೆ 1200 ಸಿಸಿ ಒಳಗೆ ಇರಬೇಕು. ಡಿಸೈರ್, ಅಮೇಜ್, ಆರಾ, ಟಿಗೋರ್ ಎಲ್ಲ ಈ ಲೆಕ್ಕದಲ್ಲೇ ಬರ್ತವೆ. ಅದಕ್ಕಿಂತ ಉದ್ದದ ಸೆಡಾನ್‌ಗಳಿಗೆ ಶೇ 40. ಮುಂಚೆ ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29 ಇತ್ತು. ಹಳೇ ತೆರಿಗೆಯೇ ಇದ್ದಿದ್ರೆ ನಮ್ಮ ಗೆಳೆಯನ ಮನೆಯ ಏಳೂವರೆ ಲಕ್ಷದ ಕಾರು ಹತ್ತಿರ ಹತ್ತಿರ 8,20,000 ಆಗ್ತಿತ್ತು. ಅಂದ್ರೆ ಸರಿಸುಮಾರು ಎಪ್ಪತ್ತು ಸಾವಿರ ಇಳಿಕೆ. ಸರಿ, ಆ ಎಪ್ಪತ್ತು ಸಾವಿರ ರೈತನ ಜೇಬಿನಲ್ಲಿ ಉಳೀತಾ? ಕಿಟ್ಟು, ಹ್ಯಾಂಡ್ಲಿಂಗು, ಕೋಟಿಂಗು, ಇನ್ಶೂರೆನ್ಸಿನ ಹೆಚ್ಚುವರಿ ಕೂಡಿಸಿ: 55,000. ಮುಂಬಾಗಿಲಲ್ಲಿ ಕೊಟ್ಟಿದ್ದನ್ನ ಹಿತ್ತಿಲ ಬಾಗಿಲಲ್ಲಿ ಕಸ್ಕೊಂಡ್ರು. 25,000 ಡಿಸ್ಕೌಂಟ್ ಅಂತ ನಗ್ತಾ ಕೊಟ್ಟಿದ್ದು ನಮ್ಮದೇ ದುಡ್ಡಿನ ಒಂದು ತುಂಡು.

ನಮ್ಮವರ ತಪ್ಪೂ ಇಲ್ಲ ಅಂತಲ್ಲ. "ಕಾರು ತಗೊಳ್ಳೋರು ಐದು ಸಾವಿರಕ್ಕೆ ಬಾಯಿ ಬಿಡ್ತಾರಾ, ಮರ್ಯಾದೆ ಹೋಗುತ್ತೆ" ಅನ್ನೋ ಮಾತು ಊರಲ್ಲಿ ಎಷ್ಟು ಸಲ ಕೇಳಿದ್ದೀವಿ. ಮರ್ಯಾದೆ ಹೋಗೋದು ಕೇಳೋದರಿಂದ ಅಲ್ಲ, ಮೂರು ವರ್ಷ ಆದ ಮೇಲೆ ಕಂತು ಕಟ್ಟೋಕಾಗದೆ ಸೊಸೈಟಿ ಬಾಗಿಲಲ್ಲಿ ನಿಲ್ಲೋದರಿಂದ. ಇನ್ನೊಂದು ಚಟ, ಆಯುಧಪೂಜೆ ದಿನವೇ ಗಾಡಿ ಮನೆಗೆ ಬರಬೇಕು. ಪೂಜೆ ಬೇಡ ಅನ್ನಲ್ಲ. ಆದ್ರೆ ಇಡೀ ತಾಲ್ಲೂಕು ಒಂದೇ ದಿನ ಕ್ಯೂ ನಿಂತರೆ ಮಾರೋನು ಯಾಕೆ ಒಂದು ರೂಪಾಯಿ ಇಳಿಸ್ತಾನೆ? ಟೊಮೆಟೊ ಎಲ್ಲರೂ ಒಂದೇ ದಿನ ಮಾರ್ಕೆಟ್ಟಿಗೆ ತಂದ್ರೆ ಬೆಲೆ ಯಾಕೆ ಬೀಳುತ್ತೆ ಅಂತ ಗೊತ್ತಿರೋ ನಮಗೆ ಇದು ಉಲ್ಟಾ ಲೆಕ್ಕ ಅಷ್ಟೇ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಶೋರೂಂ ಭಣಗುಟ್ಟುತ್ತೆ. ತಿಂಗಳ ಕೊನೆಯ ವಾರ ಟಾರ್ಗೆಟ್ ತಲೆ ಮೇಲಿರುತ್ತೆ. ಆಗ ಹೋಗಿ ಮಾತಾಡಿ, ರೇಟು ಬರೆಸ್ಕೊಳ್ಳಿ, ಡೆಲಿವರಿ ನಿಮ್ಮ ಮುಹೂರ್ತಕ್ಕೆ ತಗೊಳ್ಳಿ. ಡಿಸೆಂಬರ್‌ನಲ್ಲಿ ದೊಡ್ಡ ಡಿಸ್ಕೌಂಟ್ ಕೊಡೋದು ನಿಜ. ಆದ್ರೆ ಜನವರಿ ಬಂದ ತಕ್ಷಣ ನಿಮ್ಮ ಕಾರು ಹೋದ ವರ್ಷದ ಮಾಡೆಲ್. ಹತ್ತು ವರ್ಷ ಇಟ್ಕೊಳ್ಳೋರಾದ್ರೆ ತಗೊಳ್ಳಿ, ನಾಲ್ಕು ವರ್ಷಕ್ಕೆ ಮಾರೋರಾದ್ರೆ ಯೋಚಿಸಿ. ಯಾವ ತಿಂಗಳಲ್ಲಿ ತಯಾರಾದ ಗಾಡಿ ಅನ್ನೋದು ಫಾರಂ 21ರಲ್ಲಿ, ಅಂದ್ರೆ ಸೇಲ್ ಸರ್ಟಿಫಿಕೇಟಿನಲ್ಲಿ ಇರುತ್ತೆ. ಪೂರ್ತಿ ದುಡ್ಡು ಕಟ್ಟೋ ಮುಂಚೆ ಕೇಳಿ. ಎತ್ತಿನ ಹಲ್ಲು ನೋಡಿದ ಹಾಗೆ.

ಸಾಲದ ಮೇಜು ಅಂತೂ ಇನ್ನೂ ಮೋಸದ ಜಾಗ. "ಬರೀ ಶೇ 7 ಬಡ್ಡಿ" ಅಂತಾರೆ. ಫ್ಲಾಟ್ ರೇಟಾ, ರಿಡ್ಯೂಸಿಂಗಾ ಅಂತ ಕೇಳಿದ್ರೆ ಮಾತು ತಿರುಗುತ್ತೆ. ಆರು ಲಕ್ಷ ಸಾಲ, ಐದು ವರ್ಷ, ಫ್ಲಾಟ್ ಶೇ 7 ಅಂದ್ರೆ ಬಡ್ಡಿ 2,10,000, ತಿಂಗಳ ಕಂತು 13,500. ಅಸಲು ಕರಗುತ್ತಾ ಹೋದ್ರೂ ಪೂರ್ತಿ ಆರು ಲಕ್ಷಕ್ಕೇ ಕೊನೇ ತನಕ ಬಡ್ಡಿ. ಅದು ಬ್ಯಾಂಕಿನ ರಿಡ್ಯೂಸಿಂಗ್ ಲೆಕ್ಕದಲ್ಲಿ ಹನ್ನೆರಡೂವರೆ ಶೇಕಡಾಕ್ಕೆ ಸಮ! ಅದೇ ಆರು ಲಕ್ಷ ರಿಡ್ಯೂಸಿಂಗ್ ಶೇ 9ಕ್ಕೆ ಸಿಕ್ಕಿದ್ರೆ ಕಂತು 12,455, ಒಟ್ಟು ಬಡ್ಡಿ 1,47,300. ಅರವತ್ತೆರಡು ಸಾವಿರಕ್ಕೂ ಮೇಲೆ ವ್ಯತ್ಯಾಸ, "ಏಳು" ಅನ್ನೋ ಸಣ್ಣ ಅಂಕಿ ಕೇಳಿ ಖುಷಿಪಟ್ಟಿದ್ದಕ್ಕೆ.

2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಕ್ಕೆಲ್ಲ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಅನ್ನೋ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ಆದೇಶ ಇದೆ. ಎಲ್ಲ ಖರ್ಚು ಸೇರಿ ವರ್ಷಕ್ಕೆ ನಿಜವಾದ ಬಡ್ಡಿ ಎಷ್ಟು ಅಂತ ಅದರಲ್ಲಿ ಇರಬೇಕು. ಸಾಲಗಾರನಿಗೆ ತಿಳಿಯೋ ಭಾಷೆಯಲ್ಲೇ ಇರಬೇಕು. ಅಂದ್ರೆ ನಮಗೆ ಕನ್ನಡದಲ್ಲಿ. ಕೇಳಿ. ನಾವು ಕೇಳಿದಾಗ ಆ ಹುಡುಗಿ "ಇದುವರೆಗೆ ಯಾರೂ ಕೇಳಿಲ್ಲ" ಅಂದಳು. ಯಾರೂ ಕೇಳದೆ ಇರೋದೇ ಅವರ ಬಂಡವಾಳ.

ಎದುರಿಗೆ ಕೂತ ಹುಡುಗನ ಮೇಲೆ ನಮಗೆ ದ್ವೇಷ ಇಲ್ಲ. ಅವನೂ ಯಾವುದೋ ಹಳ್ಳಿಯಿಂದ ಬಂದವನು. ನಮ್ಮ ಜೊತೆ ಕಾಲೇಜು ಓದಿದ ಇಬ್ಬರು ಇದೇ ಕೆಲಸದಲ್ಲಿದ್ದಾರೆ. ಕಾರು ಮಾರಿದ್ದಕ್ಕಿಂತ ಇನ್ಶೂರೆನ್ಸು, ಕಿಟ್ಟು ಮಾರಿದ್ದಕ್ಕೇ ಇನ್ಸೆಂಟಿವ್ ಜಾಸ್ತಿ ಅಂತ ಅವರೇ ಹೇಳಿದ್ದು. ಅವನಿಗೆ ಬೈದು ಪ್ರಯೋಜನ ಇಲ್ಲ. "ಮ್ಯಾನೇಜರ್ ಹತ್ತಿರ ಮಾತಾಡ್ತೀವಿ" ಅಂತ ಅವನ ಮುಂದೆ ಶಾಂತವಾಗಿ ಕೂತರೆ ಸಾಕು.

ನಾವು ಹಾಗೇ ಮಾಡಿದ್ವಿ. ಮೊದಲು ಪಕ್ಕದ ಜಿಲ್ಲೆಯ ಅದೇ ಕಂಪನಿಯ ಇನ್ನೊಂದು ಶೋರೂಂನಿಂದ ವಾಟ್ಸ್ಆಪ್‌ನಲ್ಲಿ ಕೊಟೇಶನ್ ತರಿಸಿದ್ವಿ. ಅಲ್ಲಿ ಕೊಂಡ್ರೂ ರಿಜಿಸ್ಟ್ರೇಶನ್ ನಮ್ಮ ಆರ್‌ಟಿಒದಲ್ಲೇ ಆಗುತ್ತೆ. ಹಳೇ ಹಾಳೆಯನ್ನ, ಹೊಸ ಹಾಳೆಯನ್ನ, ಮೊಬೈಲಿನ ಇನ್ಶೂರೆನ್ಸ್ ಲೆಕ್ಕವನ್ನ ಮೇಜಿನ ಮೇಲೆ ಇಟ್ವಿ. ಒಟ್ಟು ಮೊತ್ತದ ಬಗ್ಗೆ ಮಾತೇ ಆಡಲಿಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು "ಇದು ಏನು, ಯಾಕೆ, ಬೇಡ" ಅಂದ್ವಿ. ಹ್ಯಾಂಡ್ಲಿಂಗ್‌ಗೆ ಗುರುತಿನ ರಸೀದಿ ಕೊಡಿ ಅಂದ ತಕ್ಷಣ ಅದು ಮಾಯವಾಯ್ತು. ಕಿಟ್ ಹೋಯ್ತು. ಕೋಟಿಂಗ್ ಹೋಯ್ತು. ಇನ್ಶೂರೆನ್ಸ್ 46,000 ಇದ್ದದ್ದು 32,500ಕ್ಕೆ ಅವರೇ ಇಳಿಸಿದ್ರು. ಸಾವಿರದ ಆಸುಪಾಸು ಹೆಚ್ಚಾದ್ರೂ ಕ್ಲೇಮಿಗೆ ಓಡಾಟ ಕಡಿಮೆ ಅಂತ ಅಲ್ಲೇ ತಗೊಂಡ್ವಿ. ವಾರಂಟಿ ಬೇಕು ಅಂತ ಮನೆಯವರೇ ಅಂದ್ರು, ಇರಲಿ ಅಂತ ಬಿಟ್ವಿ. ಎರಡು ತಾಸು, ಮೂರು ಕಾಫಿ. ನಡುವೆ ಒಂದು ಸಲ ಎದ್ದು ಬಾಗಿಲ ತನಕ ಬಂದಿದ್ವಿ, ನಿಜ ಹೇಳಬೇಕಂದ್ರೆ ಎದೆ ಡವಗುಟ್ಟುತ್ತಿತ್ತು. ಮ್ಯಾನೇಜರ್ ಹಿಂದೆಯೇ ಬಂದ. 9,42,150 ಇದ್ದದ್ದು 8,88,650ಕ್ಕೆ ಮುಗೀತು. ಮೊದಲು ಕೊಟ್ಟ 25,000 ಹಾಗೇ ಉಳಿದು, ಮೇಲೆ 53,500.

ಹೋಗೋ ಮುಂಚೆ ನಿಮಗೂ ಒಂದು ಮಾತು: ರೇಟು ಬರವಣಿಗೆಯಲ್ಲಿ, ಸೀಲ್ ಸಮೇತ ಬರೋ ತನಕ ಬುಕಿಂಗ್ ಅಡ್ವಾನ್ಸ್ ಕೊಡಬೇಡಿ. ಅಡ್ವಾನ್ಸ್ ಕೊಟ್ಟ ಮೇಲೆ ಟವೆಲ್ ಅವರ ಕೈಯಲ್ಲಿ.

ಈಗಾಗಲೇ ಕೊಟ್ಟು ಕೂತಿದ್ದೀರಾ? ಬಲವಂತವಾಗಿ ಕಟ್ಟಿಸಿದ್ದು ಬಿಲ್ಲಿನಲ್ಲಿ ಇದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಶೋರೂಂ ಯಾವ ಊರಿನಲ್ಲೇ ಇರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದರಿಂದ ಹತ್ತು ಲಕ್ಷ ಕೊಟ್ಟು ಕೊಂಡಿದ್ದಕ್ಕೆ ಫೀಸು 200 ರೂಪಾಯಿ. ವಕೀಲರು ಇರಲೇಬೇಕು ಅಂತಿಲ್ಲ.

ಶೋರೂಂ ಮಾಲೀಕರಿಗೆ ನಮ್ಮ ಬೇಡಿಕೆ ಇಷ್ಟೇ. ಕೊಟೇಶನ್ ಕನ್ನಡದಲ್ಲಿ ಕೊಡಿ. ಸರ್ಕಾರಕ್ಕೆ ಹೋಗೋದು ಯಾವುದು, ನಿಮಗೆ ಬರೋದು ಯಾವುದು, ಬೇಕಾದ್ರೆ ತಗೊಳ್ಳೋದು ಯಾವುದು ಅಂತ ಮೂರು ಭಾಗ ಮಾಡಿ ಬರೀರಿ. ಕಾಫಿ ಬೇಕಾದ್ರೆ ನಿಲ್ಲಿಸಿ. ಎಪಿಎಂಸಿಯಲ್ಲಿ ನಮ್ಮ ಮೆಕ್ಕೆಜೋಳ ಮಾರಿದ ಚೀಟಿಯಲ್ಲಿ ಹಮಾಲಿ ಎಷ್ಟು, ತೂಕದ್ದು ಎಷ್ಟು ಅಂತ ಬೇರೆ ಬೇರೆ ಬರೀತಾರೆ. ಒಂಬತ್ತು ಲಕ್ಷದ ವ್ಯಾಪಾರಕ್ಕೆ ಅಷ್ಟು ಮಾಡೋಕೆ ನಿಮಗೇನು ಕಷ್ಟ?

ನಿಮ್ಮ ಮನೆಗೆ ಕಳೆದ ಎರಡು ವರ್ಷದಲ್ಲಿ ಕಾರು ಬಂದಿದ್ರೆ ಬೀರುವಿನಿಂದ ಆ ಹಾಳೆ ತೆಗೀರಿ. ಹೆಸರು, ಫೋನ್ ನಂಬರ್ ಮುಚ್ಚಿ ಫೋಟೋ ಹೊಡೆದು ನಮಗೆ ಕಳಿಸಿ. ಒಂದೇ ಕಾರಿಗೆ ಒಂದೊಂದು ಊರಿನಲ್ಲಿ ಹ್ಯಾಂಡ್ಲಿಂಗು ಎಷ್ಟೆಷ್ಟು, ಕಿಟ್ಟು ಎಷ್ಟೆಷ್ಟು ಅಂತ ಪಕ್ಕಪಕ್ಕದಲ್ಲಿ ಇಟ್ಟು ಹಾಕ್ತೀವಿ. ನಮ್ಮ ಹತ್ತಿರ ಈಗ ಏಳು ಹಾಳೆ ಇವೆ. ಏಳರಲ್ಲೂ ಗಣಪತಿಗೆ ಬೇರೆ ಬೇರೆ ರೇಟು.