ಕಲ್ಲು ಉಳಿಯಿತು, ಕೋಲು ಮಣ್ಣಾಯಿತು

ನಮ್ಮ ಆದಿಪೂರ್ವಜರು ಏನು ತಿನ್ನುತ್ತಿದ್ದರು ಎಂಬ ಪ್ರಶ್ನೆ ನಮ್ಮಲ್ಲಿ ಬಹುಬೇಗ ಜಗಳಕ್ಕೆ ತಿರುಗುತ್ತದೆ. ಮಾಂಸ ತಿಂದದ್ದರಿಂದಲೇ ಮನುಷ್ಯ ಮನುಷ್ಯನಾದ ಎಂದು ಒಬ್ಬರು. ನಮ್ಮ ಹಲ್ಲು, ಕರುಳು ಇರುವುದೇ ಸೊಪ್ಪು-ಕಾಳಿಗಾಗಿ ಎಂದು ಇನ್ನೊಬ್ಬರು. ಇಬ್ಬರೂ ಲಕ್ಷಾಂತರ ವರ್ಷ ಹಿಂದಿನವರನ್ನು ಇವತ್ತಿನ ಊಟದ ಪಂಕ್ತಿಗೆ ಸಾಕ್ಷಿ ಹೇಳಲು ಕರೆಯುತ್ತಾರೆ. ಆಹಾರವನ್ನೇ ಮುಖ್ಯ ವಸ್ತುವಾಗಿಸಿಕೊಂಡ ಈ ಸಂಚಿಕೆಯ ನೆಪದಲ್ಲಿ ಆ ಸಾಕ್ಷ್ಯವನ್ನು ಹತ್ತಿರದಿಂದ ನೋಡಬೇಕೆನ್ನಿಸಿತು. ನೋಡಿದಷ್ಟೂ ನನಗೆ ಗಟ್ಟಿಯಾದ ಮಾತು ಇದು: ನಮ್ಮ ಕೈಗೆ ಬಂದಿರುವುದು ಕೊಳೆಯದೆ ಉಳಿದ ವಸ್ತುಗಳ ಕಥೆ. ಒಂದು ಮನೆ ಮಣ್ಣಲ್ಲಿ ಹೂತುಹೋದರೆ ಒರಳುಕಲ್ಲು ಉಳಿಯುತ್ತದೆ, ಒನಕೆ ಉಳಿಯುವುದಿಲ್ಲ. ಹಾಗೆಯೇ ಕಡಿದ ಕಲ್ಲು, ಕಡಿಸಿಕೊಂಡ ಮೂಳೆ ಉಳಿದವು. ಅಗೆದ ಕೋಲು, ಅಗೆದು ತಿಂದ ಗೆಡ್ಡೆ ಹೋದವು. ಕಥೆ ಬೇಟೆಗಾರನ ಕಡೆಗೆ ವಾಲಿತು.

ಆ ವಾಲುವಿಕೆಗೆ ದಕ್ಷಿಣ ಆಫ್ರಿಕಾದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಟೌಂಗ್‌ನಲ್ಲಿ 1924ರಲ್ಲಿ ಸಿಕ್ಕ ಮಗುವಿನ ತಲೆಬುರುಡೆಯ ಮಹತ್ವವನ್ನು ಜಗತ್ತಿಗೆ ತಿಳಿಸಿದ ರೇಮಂಡ್ ಡಾರ್ಟ್, ಮುಂದೆ ಮಕಪನ್ಸ್‌ಗಾಟ್‌ನ ಗುಹೆಯಲ್ಲಿ ದೊರೆತ ಮುರಿದ ಮೂಳೆ, ದವಡೆ, ಕೊಂಬುಗಳೆಲ್ಲ ಆಯುಧಗಳೆಂದು ವಾದಿಸಿದರು. ಕೊಲ್ಲುವ ಕಪಿಯೇ ನಮ್ಮ ಮೂಲಪುರುಷ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತಿತು. ಅದನ್ನು ಅಲುಗಿಸಿದವರು ಬಾಬ್ ಬ್ರೇನ್. ಚಿರತೆ, ಕತ್ತೆಕಿರುಬಗಳು ತಿಂದುಬಿಟ್ಟ ಮೂಳೆಗಳು ಹೇಗಿರುತ್ತವೆ ಎಂದು ಅವರು ವರ್ಷಗಟ್ಟಲೆ ತಾಳ್ಮೆಯಿಂದ ಗಮನಿಸಿದರು. ಸ್ವಾರ್ಟ್‌ಕ್ರಾನ್ಸ್ ಗುಹೆಯ ಒಂದು ಎಳೆಯ ತಲೆಬುರುಡೆಯಲ್ಲಿದ್ದ ಎರಡು ತೂತುಗಳಿಗೆ ಚಿರತೆಯ ಕೆಳಗಿನ ಕೋರೆಹಲ್ಲುಗಳು ಸರಿಯಾಗಿ ಹೊಂದಿಕೊಂಡವು. ಬೇಟೆಗಾರನೆಂದುಕೊಂಡವನು ಬೇಟೆಯಾಗಿದ್ದ.

ಅದೇ ಸ್ವಾರ್ಟ್‌ಕ್ರಾನ್ಸ್‌ನಲ್ಲಿ ತುದಿ ಸವೆದು ನುಣುಪಾದ ಮೂಳೆಯ ತುಂಡುಗಳೂ ಸಿಕ್ಕಿದ್ದವು. ಗೆಡ್ಡೆ ಅಗೆದು ಸವೆದಿರಬೇಕು ಎಂದು ಬ್ರೇನ್ ಭಾವಿಸಿದರು. 2001ರಲ್ಲಿ ಲೂಸಿಂಡಾ ಬ್ಯಾಕ್‌ವೆಲ್ ಮತ್ತು ಫ್ರಾನ್ಸೆಸ್ಕೋ ದೆರಿಕೋ ಆ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ತಾವೇ ಮೂಳೆಗಳಿಂದ ಬೇರೆ ಬೇರೆ ಕೆಲಸ ಮಾಡಿ ಹೋಲಿಸಿ ನೋಡಿದರು. ಅವು ಹುತ್ತ ಕೆದಕಿದ ಗೀರುಗಳು ಎಂಬುದು ಅವರ ನಿರ್ಣಯ. ಗೆದ್ದಲಿಗಾಗಿ ಹುತ್ತ ಅಗೆಯುತ್ತಿದ್ದರು! ಮುಂಗಾರಿನ ಮೊದಲ ಮಳೆಗೆ ಎದ್ದ ಈಸಲು ಹುಳುಗಳನ್ನು ಹುರಿದು ತಿಂದ ನೆನಪಿರುವ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಕೊಬ್ಬು, ಪ್ರೋಟೀನು ಎರಡೂ ಇರುವ ಆಹಾರ. ಅದಕ್ಕಾಗಿ ಯಾರನ್ನೂ ಅಟ್ಟಿಸಿಕೊಂಡು ಓಡಬೇಕಿಲ್ಲ.

ಇಷ್ಟು ಹೇಳಿದ್ದು ಮಾಂಸದ ಪಾತ್ರವನ್ನು ಅಲ್ಲಗಳೆಯುವುದಕ್ಕಲ್ಲ. ಕೆನ್ಯಾದ ಲೊಮೆಕ್ವಿಯಲ್ಲಿ 33 ಲಕ್ಷ ವರ್ಷ ಹಳೆಯ ಕಲ್ಲಿನ ಉಪಕರಣಗಳು ದೊರೆತಿವೆ. ನಮ್ಮ ಹೋಮೋ ಕುಲದ್ದೆಂದು ಗುರುತಿಸಿರುವ ಅತಿ ಹಳೆಯ ದವಡೆಗೆ 28 ಲಕ್ಷ ವರ್ಷ. ಅಂದರೆ ಕಲ್ಲು ಒಡೆಯುವ ವಿದ್ಯೆ ನಮ್ಮ ಕುಲಕ್ಕಿಂತ ಹಿರಿಯದು. ಕೆನ್ಯಾದ ನ್ಯಾಯಂಗಾದಿಂದ 2023ರಲ್ಲಿ ಬಂದ ವರದಿ ನನಗೆ ಇನ್ನೂ ಇಷ್ಟವಾಯಿತು. ಸುಮಾರು 30ರಿಂದ 26 ಲಕ್ಷ ವರ್ಷಗಳ ಹಿಂದಿನ ಆ ನೆಲೆಯಲ್ಲಿ ನೀರಾನೆಯ ಮೂಳೆಗಳ ಮೇಲೆ ಕೊಯ್ದ ಗುರುತುಗಳಿವೆ. ಆದರೆ ಅಲ್ಲಿನ ಕಲ್ಲುಗಳ ಸವೆತವನ್ನು ಪರೀಕ್ಷಿಸಿದಾಗ, ಸಸ್ಯಗಳನ್ನು ಕುಟ್ಟಿದ, ಕತ್ತರಿಸಿದ ಕುರುಹುಗಳೂ ಕಂಡವು. ಒಂದೇ ಜಾಗ, ಒಂದೇ ಬಗೆಯ ಕಲ್ಲು, ಎರಡೂ ಅಡುಗೆ. ಜೊತೆಗೆ ಸಿಕ್ಕ ಬಾಚಿಹಲ್ಲುಗಳು ನಮ್ಮ ಕುಲದವಲ್ಲ, ಪಕ್ಕದ ಕವಲಾದ ಪ್ಯಾರಾಂತ್ರೋಪಸ್‌ನವು. ಉಪಕರಣ ಹಿಡಿದ ಕೈ ಯಾರದು ಎಂದು ಹಿಂದಿನಷ್ಟು ಸಲೀಸಾಗಿ ಈಗ ಹೇಳಲಾಗದು.

ಕಲ್ಲು ಮಾಡಿದ ದೊಡ್ಡ ಉಪಕಾರವೆಂದರೆ ಬಾಯಿಯ ಕೆಲಸವನ್ನು ಹೊರಗೆ ಮಾಡಿಕೊಟ್ಟದ್ದು. 2016ರಲ್ಲಿ ಕ್ಯಾಥರೀನ್ ಝಿಂಕ್ ಮತ್ತು ಡೇನಿಯಲ್ ಲೀಬರ್ಮನ್ ಜನರಿಗೆ ಹಸಿ ಆಡಿನ ಮಾಂಸವನ್ನೂ ಗೆಡ್ಡೆಗಳನ್ನೂ ಕೊಟ್ಟು ಅಗಿಯುವ ಶ್ರಮವನ್ನು ಅಳೆದರು. ಊಟದ ಮೂರನೇ ಒಂದು ಭಾಗ ಮಾಂಸವಾಗಿದ್ದು, ಅದನ್ನು ಹೆಚ್ಚಿ, ಗೆಡ್ಡೆಯನ್ನು ಕುಟ್ಟಿ ತಿಂದರೆ ಅಗಿಯುವ ಸಲ ಶೇ 17ರಷ್ಟು, ಒತ್ತುವ ಬಲ ಶೇ 26ರಷ್ಟು ಇಳಿಯುತ್ತದೆ ಎಂಬುದು ಅವರ ಲೆಕ್ಕ. ಹೋಮೋ ಎರೆಕ್ಟಸ್‌ನ ಹಲ್ಲು ಚಿಕ್ಕದಾಗಲು, ದವಡೆ ಹಗುರಾಗಲು ಬೆಂಕಿಗಾಗಿ ಕಾಯಬೇಕಿರಲಿಲ್ಲ ಎಂಬ ವಾದಕ್ಕೆ ಇದರಿಂದ ಬಲ ಬಂತು. ಬೇಯಿಸಿದ ಅಡುಗೆಯೇ ಎರೆಕ್ಟಸ್‌ನನ್ನು ರೂಪಿಸಿತು ಎನ್ನುವ ರಿಚರ್ಡ್ ರ‍್ಯಾಂಗಮ್ ಅವರ ವಾದ ಓದಲು ಬಹಳ ಸೊಗಸು. ಆದರೆ ಎರೆಕ್ಟಸ್ ಕಾಣಿಸಿಕೊಂಡದ್ದು ಸುಮಾರು 19 ಲಕ್ಷ ವರ್ಷಗಳ ಹಿಂದೆ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯ ಬೂದಿ ಸುಮಾರು 10 ಲಕ್ಷ ವರ್ಷದ್ದು. ನಡುವಿನ ಆ ದೀರ್ಘ ಕಾಲಕ್ಕೆ ಹೆಚ್ಚುವ, ಕುಟ್ಟುವ ಕಲ್ಲೇ ಹೆಚ್ಚು ಭದ್ರವಾದ ಉತ್ತರವೆಂದು ನನಗನ್ನಿಸುತ್ತದೆ.

ಎರೆಕ್ಟಸ್ ಬಂದ ಮೇಲೆ ಮಾಂಸಾಹಾರ ಒಮ್ಮೆಲೇ ಏರಿತು ಎಂಬ ನಂಬಿಕೆಯನ್ನೂ 2022ರಲ್ಲಿ ಆಂಡ್ರ್ಯೂ ಬಾರ್ ಮತ್ತು ಸಂಗಡಿಗರು ಪರೀಕ್ಷೆಗೊಡ್ಡಿದರು. ಆ ಕಾಲದ ನೆಲೆಗಳನ್ನು ಹೆಚ್ಚಾಗಿ ಅಗೆದಿದ್ದೇವೆ, ಆದ್ದರಿಂದ ಕೊಯ್ದ ಮೂಳೆಗಳು ಹೆಚ್ಚಾಗಿ ಕಂಡಿವೆ ಎಂಬುದು ಅವರ ಫಲಿತಾಂಶ. ಹುಡುಕಿದಲ್ಲಿ ಸಿಕ್ಕಿತು, ಅಷ್ಟೇ.

ಹುಡುಕಿದರೆ ಸಸ್ಯವೂ ಸಿಗುತ್ತದೆ. ಇಸ್ರೇಲಿನ ಗೆಶೆರ್ ಬೆನೊತ್ ಯಾಕೋವ್ ಎಂಬಲ್ಲಿ, 7 ಲಕ್ಷ 80 ಸಾವಿರ ವರ್ಷ ಹಳೆಯ ಕಲ್ಲುಗಳಿಗೆ ಅಂಟಿಕೊಂಡಿದ್ದ ಪಿಷ್ಟದ ಕಣಗಳಿಂದ ಓಕ್ ಮರದ ಕಾಯಿ, ಹುಲ್ಲಿನ ಕಾಳು, ನೈದಿಲೆ ಜಾತಿಯ ಗೆಡ್ಡೆಗಳನ್ನು ಗುರುತಿಸಿದ್ದಾರೆ. ಇಟಲಿಯ ಪೊಜ್ಜೆತ್ತಿ ವೆಕ್ಕಿಯಲ್ಲಿ ಸುಮಾರು 1 ಲಕ್ಷ 71 ಸಾವಿರ ವರ್ಷ ಹಿಂದಿನ ಅಗೆಯುವ ಕೋಲುಗಳು ಸಿಕ್ಕಿವೆ. ಗಟ್ಟಿ ಜಾತಿಯ ಮರ ಆರಿಸಿ, ಬೆಂಕಿಯಲ್ಲಿ ಹದವಾಗಿ ಸುಟ್ಟು ಹೆರೆದು ಮಾಡಿದ ಕೋಲುಗಳು ಅವು. ಟಾಂಜಾನಿಯಾದ ಹದ್ಜಾ ಜನರಲ್ಲಿ ಅಜ್ಜಿಯರು ಇಂಥದೇ ಕೋಲಿನಿಂದ ದಿನವಿಡೀ ಗೆಡ್ಡೆ ಅಗೆದು ಮೊಮ್ಮಕ್ಕಳನ್ನು ಸಾಕುವುದನ್ನು ಕ್ರಿಸ್ಟನ್ ಹಾಕ್ಸ್ ದಾಖಲಿಸಿದ್ದಾರೆ. ಹದ್ಜಾ ಜನ ನಮ್ಮ ಕಾಲದವರೇ. ಹಳೆಯ ಯುಗದ ಪಳೆಯುಳಿಕೆಯಂತೆ ಅವರನ್ನು ನೋಡುವುದು ಅವಮಾನ. ಆದರೂ ವಯಸ್ಸಾದ ಹೆಣ್ಣಿನ ದುಡಿಮೆ ಒಂದು ಗುಂಪನ್ನು ಹೇಗೆ ಬದುಕಿಸಬಲ್ಲದು ಎಂದು ಅವರು ತೋರಿಸಿಕೊಟ್ಟಿದ್ದಾರೆ.

ಇದು ದೂರದ ಮಾತೂ ಅಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಣ್ಣದ ಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಕೆ. ಪದ್ದಯ್ಯ ಅಗೆದು ತೆಗೆದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಕಂಡುಕೊಂಡ ಕಾಲ ಸುಮಾರು 12 ಲಕ್ಷ ವರ್ಷ. ಪದ್ದಯ್ಯ ಕೊಡಲಿಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಬೇಸಗೆಯಲ್ಲಿ ಬತ್ತದ ಚಿಲುಮೆಗಳೆಲ್ಲಿ, ಮಳೆಗಾಲದಲ್ಲಿ ಜನ ಎತ್ತ ಚದುರುತ್ತಿದ್ದರು, ಕಣಿವೆಯಲ್ಲಿ ತಿನ್ನಲು ಬರುವ ಕಾಡುಗಿಡಗಳು ಯಾವುವು ಎಂದೂ ಕೇಳಿದರು. ಕಲ್ಲಿನಾಚೆ ನೋಡುವ ಆ ಬಗೆಯ ಕೇಳುವಿಕೆಗೆ ಕನ್ನಡದಲ್ಲಿ ಇನ್ನೂ ಹೆಚ್ಚು ಜಾಗ ಸಿಗಬೇಕು.

ಅದಕ್ಕೆಂದು ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಸೀಮೆಯಲ್ಲಿ ಗೆಡ್ಡೆ ಅಗೆಯಲು, ಕಾಯಿ ಬಡಿಯಲು, ಕುಟ್ಟಲು, ಹೆರೆಯಲು ಬಳಸುವ ಮರದ, ಬಿದಿರಿನ ಸಲಕರಣೆಗಳ ಬಗ್ಗೆ ಬರೆದು ಕಳಿಸಿ: ಹೆಸರೇನು, ಯಾವ ಮರದಿಂದ ಮಾಡುತ್ತಾರೆ, ತುದಿಯನ್ನು ಹೇಗೆ ಹದಗೊಳಿಸುತ್ತಾರೆ, ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ. ಮುಂದಿನ ಸಂಚಿಕೆಗಳಲ್ಲಿ ಅವನ್ನು ಚಿತ್ರಸಮೇತ ಪ್ರಕಟಿಸುತ್ತೇವೆ.